ಚೌಕಿಗೆ ಒಯ್ಯಲು ಒಂದು ಸಣ್ಣ ಕ್ಯಾಮೆರಾ: ನನ್ನ ಅನುಭವ

ನನ್ನ ಹತ್ತಿರ ನಿಕಾನ್ ಡಿ500 ಇದೆ, ಒಳಗೆ ಕನ್ನಡಿ ಇರುವ ದೊಡ್ಡ ಡಿಎಸ್ಎಲ್ಆರ್ ಕ್ಯಾಮೆರಾ. ಅದಕ್ಕೆ 200-500 ಎಂಎಂ ಲೆನ್ಸ್. ಎರಡೂ ಸೇರಿದರೆ ಮೂರು ಕೆಜಿ ದಾಟುತ್ತದೆ. ಮಳೆಗಾಲದಲ್ಲಿ ಸೊರಬದ ಗುಡವಿ ಪಕ್ಷಿಧಾಮಕ್ಕೆ ಹೋಗಿ ಹಾವಕ್ಕಿ, ಬೆಳ್ಳಕ್ಕಿಗಳ ಮುಂದೆ ಗಂಟೆಗಟ್ಟಲೆ ಕೂರುವುದೆಂದರೆ ನನಗೆ ಹಬ್ಬ, ಆ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಜೋಡಿ ನನಗೆ ಬೇಕಾಗಿಲ್ಲ. ಮಾರುವ ಯೋಚನೆ ಸಣ್ಣ ಕ್ಯಾಮೆರಾ ಕೊಂಡಾಗಲೂ ಇರಲಿಲ್ಲ, ಈಗಲೂ ಇಲ್ಲ. ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಒಳಗೆ ಕನ್ನಡಿ ಇಲ್ಲದ ಮಿರರ್‌ಲೆಸ್ ಕ್ಯಾಮೆರಾ ತಗೊಂಡೆ ಅಂದ ಕೂಡಲೇ "ಹಾಗಾದ್ರೆ ಡಿಎಸ್ಎಲ್ಆರ್ ಮಾರಿದ್ರಾ?" ಅಂತ ಕೇಳುವವರೇ ಜಾಸ್ತಿ.

ನನಗೆ ಕಷ್ಟ ಆಗುತ್ತಿದ್ದದ್ದು ಬೇರೆ ಕಡೆ. ದೀಪಾವಳಿ ಕಳೆದರೆ ನಮ್ಮ ಕಡೆ ಯಕ್ಷಗಾನ ಮೇಳಗಳ ತಿರುಗಾಟ ಶುರು. ನನಗೆ ರಂಗಸ್ಥಳದಷ್ಟೇ ಚೌಕಿಯೂ (ಕಲಾವಿದರು ಬಣ್ಣ ಹಚ್ಚಿ ವೇಷ ಕಟ್ಟುವ ಜಾಗ) ಇಷ್ಟ, ನಿಜ ಹೇಳಬೇಕೆಂದರೆ ಸ್ವಲ್ಪ ಹೆಚ್ಚೇ. ಕಲಾವಿದರು ನೆಲದಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ಒಂದು ಕೈಯಲ್ಲಿ ಕನ್ನಡಿ ಹಿಡಿದು ಇನ್ನೊಂದು ಕೈಯಲ್ಲಿ ಕಡ್ಡಿಯಿಂದ ಹುಬ್ಬು ತೀಡಿಕೊಳ್ಳುತ್ತಿರುತ್ತಾರೆ. ಆಗ ಅವರು ಇನ್ನೂ ಪೂರ್ತಿ ಅರ್ಜುನನಾಗಿರುವುದಿಲ್ಲ, ಊರಿನ ಗೃಹಸ್ಥನೂ ಆಗಿರುವುದಿಲ್ಲ. ಆ ನಡುವಿನ ಮುಖ ನನಗೆ ಬೇಕು. ಅಲ್ಲಿಗೆ ಡಿ500 ಹಿಡಿದು ಹೋದರೆ ಮೊದಲ ಟಕ್ ಸದ್ದಿಗೇ ಕಡ್ಡಿ ಹಿಡಿದ ಕೈ ನಿಲ್ಲುತ್ತದೆ. ನನ್ನ ಕಡೆ ತಿರುಗಿ ನಗುತ್ತಾರೆ, ಪ್ರೀತಿಯಿಂದಲೇ. ಆದರೆ ನನಗೆ ಬೇಕಿದ್ದ ಮುಖ ಅಷ್ಟರಲ್ಲಿ ಹೋಗಿರುತ್ತದೆ.

ಮನೆಯಲ್ಲೂ ಅದೇ. ಕೊಯ್ಲಿನ ಕಾಲದಲ್ಲಿ ರಾತ್ರಿ ಎಲ್ಲರೂ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುತ್ತಾ ಮಾತಾಡುತ್ತಿರುತ್ತಾರೆ. ನಾನು ಚೀಲದ ಜಿಪ್ ಎಳೆಯುವಷ್ಟರಲ್ಲಿ ಅಮ್ಮ ಸೆರಗು ಸರಿಮಾಡಿಕೊಂಡು ನೇರ ಕೂತಿರುತ್ತಾರೆ.

2019ರ ನವೆಂಬರಿನಲ್ಲಿ ಒಂದು ಸಣ್ಣ ಕ್ಯಾಮೆರಾ ತಗೊಳ್ಳೋಣ ಅಂತ ಗಟ್ಟಿಯಾಗಿ ತೀರ್ಮಾನಿಸಿದೆ. ಅಂಗಡಿಗೆ ಹೋಗುವ ಮುಂಚೆ ಎರಡು ಕೆಲಸ ಮಾಡಿದೆ, ಇವತ್ತಿಗೂ ಕೇಳಿದವರಿಗೆಲ್ಲ ಇವೆರಡನ್ನೇ ಹೇಳುತ್ತೇನೆ. ಒಂದು, ಇಡೀ ತಿಂಗಳು ಡಿಎಸ್ಎಲ್ಆರ್ ಮನೆಯಲ್ಲೇ ಬಿಟ್ಟು ಹೋದ ಪ್ರತಿ ಸಲವೂ ಯಾಕೆ ಬಿಟ್ಟೆ ಅಂತ ಡೈರಿಯಲ್ಲಿ ಬರೆದಿಟ್ಟೆ. ಭಾರ ಅಂತ ಬರುತ್ತದೆ ಅಂದುಕೊಂಡಿದ್ದೆ. ಬಂದದ್ದು ಸದ್ದು, ಗಾತ್ರ, "ಜನ ನೋಡುತ್ತಾರೆ" ಅನ್ನುವ ಸಂಕೋಚ. ಭಾರ ಎರಡೇ ಸಲ ಬಂದಿತ್ತು. ಎರಡನೆಯದು, ಹಳೆಯ ಫೋಟೋಗಳ ಮಾಹಿತಿ ತೆಗೆದು ನೋಡಿದೆ. ಹಕ್ಕಿ ಬಿಟ್ಟು ಉಳಿದವನ್ನು ಲೈಟ್‌ರೂಮ್ ಅನ್ನುವ ಫೋಟೋ ತಂತ್ರಾಂಶದಲ್ಲಿ ಫೋಕಲ್ ಲೆಂತ್ (ಲೆನ್ಸ್ ಎಷ್ಟು ಅಗಲದ ನೋಟ ಹಿಡಿಯುತ್ತದೆ ಅನ್ನುವ ಅಳತೆ) ಪ್ರಕಾರ ಜೋಡಿಸಿದರೆ ನನಗೆ ಇಷ್ಟವಾದ ಚಿತ್ರಗಳಲ್ಲಿ ಬಹುಪಾಲು 22ರಿಂದ 26 ಎಂಎಂ ನಡುವೆಯೇ ಇದ್ದವು. ಅಂದರೆ ನನಗೆ ಜೂಮ್ ಬೇಕಾಗಿಯೇ ಇರಲಿಲ್ಲ!

ಆದರೂ ಎಲ್ಲರ ಹಾಗೆ ನಾನೂ ಮೊದಲು ಯೋಚಿಸಿದ್ದು ಇರುವ ಲೆನ್ಸ್‌ಗಳನ್ನೇ ಬಳಸುವ ದಾರಿ. ನಿಕಾನ್‌ನ ಮಿರರ್‌ಲೆಸ್ ಝಡ್50 ಆಗಷ್ಟೇ ಬಂದಿತ್ತು. ಬ್ಯಾಟರಿ, ಕಾರ್ಡ್ ಸೇರಿ 450 ಗ್ರಾಂ, ಡಿ500ರ ಹಾಗೆಯೇ 20.9 ಮೆಗಾಪಿಕ್ಸೆಲ್, ಕೈಗೆ ಚೆನ್ನಾಗಿ ಕೂರುತ್ತದೆ. ಎಫ್‌ಟಿಝಡ್ ಅಡಾಪ್ಟರ್ ಹಾಕಿದರೆ ನನ್ನ ಲೆನ್ಸೆಲ್ಲ ಕೂರುತ್ತವೆ. ಗೆಳೆಯನೊಬ್ಬನಿಂದ ಎರಡು ದಿನಕ್ಕೆ ಇಸಕೊಂಡು ಬಂದೆ. 35 ಎಂಎಂ ಎಫ್ 1.8 (ಎಫ್ ಸಂಖ್ಯೆ ಕಡಿಮೆ ಆದಷ್ಟೂ ಲೆನ್ಸ್ ಅಗಲವಾಗಿ ತೆರೆದು ಹೆಚ್ಚು ಬೆಳಕು ಬಿಡುತ್ತದೆ) ಚೆನ್ನಾಗಿಯೇ ಕೆಲಸ ಮಾಡಿತು. ನನ್ನ ಹಳೆಯ 50 ಎಂಎಂ ಎಫ್ 1.8 ಡಿ ಮಾತ್ರ ಆಟೋಫೋಕಸ್ ಆಗಲಿಲ್ಲ, ಯಾಕೆಂದರೆ ಆ ಲೆನ್ಸಿನಲ್ಲಿ ಮೋಟಾರ್ ಇಲ್ಲ, ಅಡಾಪ್ಟರಿನಲ್ಲೂ ಇಲ್ಲ. ಅದೇನೂ ದೊಡ್ಡ ವಿಷಯ ಅಲ್ಲ. ದೊಡ್ಡ ವಿಷಯ ಅಂದರೆ ಉದ್ದ. ನಿಕಾನ್ ಡಿಎಸ್ಎಲ್ಆರ್‌ನಲ್ಲಿ ಲೆನ್ಸ್ ಕೂರುವ ಜಾಗದಿಂದ ಚಿತ್ರ ಹಿಡಿಯುವ ಸೆನ್ಸರ್‌ಗೆ 46.5 ಮಿ.ಮೀ. ದೂರ, ಝಡ್‌ನಲ್ಲಿ 16 ಮಿ.ಮೀ. ಉಳಿದ 30.5 ಮಿ.ಮೀ.ಯನ್ನು ಅಡಾಪ್ಟರ್ ತುಂಬಿಕೊಡಲೇಬೇಕು, ಬೇರೆ ದಾರಿಯೇ ಇಲ್ಲ. ಕನ್ನಡಿ ತೆಗೆದು ಉಳಿಸಿದ ಜಾಗವನ್ನು ಮತ್ತೆ ಹೊರಗಡೆಯಿಂದ ಅಂಟಿಸಿದ ಹಾಗೆ. ನಿಧಾನವಾಗಿ ಪೂರ್ತಿ ಮಿರರ್‌ಲೆಸ್‌ಗೆ ಹೋಗುವವರಿಗೆ ಅಡಾಪ್ಟರ್ ಬಹಳ ಒಳ್ಳೆಯದು. ನನಗೆ ಹಾಗೆ ಹೋಗುವುದಿರಲಿಲ್ಲ. ಇನ್ನು ಅದರ ಜೊತೆಗೇ ಬರುವ 16-50 ತುಂಬಾ ಸಣ್ಣ ಲೆನ್ಸ್, 135 ಗ್ರಾಂ ಅಷ್ಟೇ, ಆದರೆ ಎಫ್ 3.5ರಿಂದ ಶುರುವಾಗುವ ಲೆನ್ಸಿನಲ್ಲಿ ಚೌಕಿಯ ಬೆಳಕಿಗೆ ಕೆಲಸ ನಡೆಯುವುದಿಲ್ಲ.

ಅಲ್ಲಿಗೆ ಒಂದು ವಿಷಯ ಸ್ಪಷ್ಟವಾಯಿತು. ಸಣ್ಣ ಕ್ಯಾಮೆರಾ ಅನ್ನುವುದು ಬಾಡಿಯಲ್ಲಿ ಇಲ್ಲ, ಲೆನ್ಸಿನಲ್ಲಿ ಇದೆ. ಹಾಗಾಗಿ ಲೆನ್ಸ್ ಮೊದಲು ಆರಿಸಬೇಕು, ಅದಕ್ಕೊಂದು ಬಾಡಿ ಆಮೇಲೆ.

ಡಿಸೆಂಬರಿನಲ್ಲಿ ಬೆಂಗಳೂರಿಗೆ ಹೋಗಿದ್ದಾಗ ಮೂರು ಕ್ಯಾಮೆರಾ ಬಾಡಿಗೆಗೆ ತಂದೆ. ಒಲಿಂಪಸ್ ಇ-ಎಂ10 ಮಾರ್ಕ್ 3, ಸೋನಿ ಎ6400, ಫ್ಯೂಜಿಫಿಲ್ಮ್ ಎಕ್ಸ್-ಟಿ30. ಅಂಗಡಿಯಲ್ಲಿ ಐದು ನಿಮಿಷ ಹಿಡಿದು ನೋಡುವುದಕ್ಕೂ ಮೂರು ದಿನ ಜೊತೆಗಿಟ್ಟುಕೊಳ್ಳುವುದಕ್ಕೂ ಅಜಗಜಾಂತರ. ಬಾಡಿಗೆಯ ದುಡ್ಡು ದಂಡ ಅಂತ ಮನೆಯಲ್ಲಿ ಗೊಣಗಿದರು, ನನಗೆ ಅದು ಅತ್ಯಂತ ಚೆನ್ನಾಗಿ ಖರ್ಚಾದ ದುಡ್ಡು.

ಒಲಿಂಪಸ್‌ನ ಲೆನ್ಸ್‌ಗಳ ಗಾತ್ರ ನೋಡಿ ಆಸೆಯಾಯಿತು. 14-42 ಪ್ಯಾನ್‌ಕೇಕ್ ಜೂಮ್ 93 ಗ್ರಾಂ! ಬಾಡಿಯೊಳಗೇ ಕೈನಡುಕ ತಡೆಯುವ ವ್ಯವಸ್ಥೆಯೂ ಇದೆ. ಆದರೆ ಒಂದು ಮಾತು ಇಲ್ಲಿ ಬಹಳ ಜನ ಮರೆಯುತ್ತಾರೆ. ಆ ವ್ಯವಸ್ಥೆ ತಡೆಯುವುದು ನನ್ನ ಕೈಯ ನಡುಕವನ್ನು, ಎದುರಿಗಿರುವವರ ಕೈಯ ಚಲನೆಯನ್ನಲ್ಲ. ದೇವಸ್ಥಾನದ ಕಂಬಕ್ಕೆ ಅದು ವರ, ಬಣ್ಣ ಹಚ್ಚುವ ಕೈಗೆ ಅದರಿಂದ ಏನೂ ಉಪಯೋಗ ಇಲ್ಲ. ಅಲ್ಲಿ ಬೇಕಾಗುವುದು ಅಗಲವಾಗಿ ತೆರೆಯುವ ಲೆನ್ಸ್ ಮತ್ತು ಹೆಚ್ಚು ಐಎಸ್‌ಒ (ಕಡಿಮೆ ಬೆಳಕನ್ನು ಹಿಗ್ಗಿಸಿ ತೋರಿಸುವ ಮಟ್ಟ) ತಾಳುವ ಸೆನ್ಸರ್. ಒಲಿಂಪಸ್‌ನ ಮೈಕ್ರೋ ಫೋರ್ ಥರ್ಡ್ಸ್ ಸೆನ್ಸರ್ 17.3 x 13 ಮಿ.ಮೀ., ಉಳಿದೆರಡರ ಎಪಿಎಸ್-ಸಿ ಸೆನ್ಸರ್ ಸುಮಾರು 23.5 x 15.6 ಮಿ.ಮೀ. ಒಂದೇ ಬಲ್ಬಿನ ಕೋಣೆಯಲ್ಲಿ ಐಎಸ್‌ಒ 6400ಕ್ಕೆ ಹೋದಾಗ ಆ ವ್ಯತ್ಯಾಸ ನನ್ನ ಕಣ್ಣಿಗೆ ಕಂಡಿತು.

ಸೋನಿಯ ಫೋಕಸ್ ವೇಗ ನೋಡಿ ದಂಗಾದೆ. ಕಣ್ಣನ್ನು ಹಿಡಿದರೆ ಬಿಡುವುದೇ ಇಲ್ಲ. ಮಕ್ಕಳ ಹಿಂದೆ ಓಡುವವರು ಸುಮ್ನೆ ಅದನ್ನೇ ತಗೊಳ್ಳಬಹುದು. ನಾನು ಬಿಟ್ಟದ್ದಕ್ಕೆ ಕಾರಣ ಬಹಳ ಸಣ್ಣದು, ಆದರೆ ನನಗೆ ದೊಡ್ಡದು. ನಾನು ಎಡಗಣ್ಣಿನಲ್ಲಿ ನೋಡುವವನು. ಸೋನಿಯ ವ್ಯೂಫೈಂಡರ್ (ಕಣ್ಣಿಟ್ಟು ನೋಡುವ ಕಿಂಡಿ) ಎಡ ಮೂಲೆಯಲ್ಲಿದೆ. ಬಲಗಣ್ಣಿನವರಿಗೆ ಇದು ಅನುಕೂಲ, ಮೂಗು ಹೊರಗೆ ಉಳಿಯುತ್ತದೆ. ನನಗೆ ಇಡೀ ಮುಖವೇ ಕ್ಯಾಮೆರಾದ ಹಿಂದೆ ಹೋಗಿಬಿಡುತ್ತದೆ, ಮೂಗು ಸ್ಕ್ರೀನಿಗೆ ಒತ್ತುತ್ತದೆ. ಇದೇ ಕಾರಣಕ್ಕೆ ಫ್ಯೂಜಿಯ ಎಕ್ಸ್-ಇ3 ಮತ್ತು ಎಕ್ಸ್100ಎಫ್ ಕೂಡ ಪಟ್ಟಿಯಿಂದ ಹೋದವು. ರಿಕೋ ಜಿಆರ್ 3 ಜೇಬಿಗೇ ಹೋಗುವಂಥದ್ದು, ಆದರೆ ಅದಕ್ಕೆ ವ್ಯೂಫೈಂಡರೇ ಇಲ್ಲ. ನನಗೆ ಈಗ ಹತ್ತಿರದ್ದು ನೋಡಲು ಕನ್ನಡಕ ಬೇಕು, ಕತ್ತಲಲ್ಲಿ ಹುಡುಕಿಕೊಂಡು ಕೂರಲಾಗುವುದಿಲ್ಲ. ನೀವು ಯಾವ ಕಣ್ಣಿನಲ್ಲಿ ನೋಡುತ್ತೀರಿ ಅಂತ ಯಾವ ವಿಮರ್ಶಕರೂ ಕೇಳುವುದಿಲ್ಲ ಅಲ್ವಾ? ನೀವೇ ಕೇಳಿಕೊಳ್ಳಬೇಕು.

ಉಳಿದದ್ದು ಎಕ್ಸ್-ಟಿ30. ವ್ಯೂಫೈಂಡರ್ ನಡುವೆ ಇದೆ. 383 ಗ್ರಾಂ. 23 ಎಂಎಂ ಎಫ್ 2 ಲೆನ್ಸ್ 180 ಗ್ರಾಂ, 22 ಸೆಂ.ಮೀ. ಹತ್ತಿರದವರೆಗೂ ಫೋಕಸ್ ಆಗುತ್ತದೆ. ಒಟ್ಟು 563 ಗ್ರಾಂ. ಡಿ500ಗೆ ಸಣ್ಣ 35 ಎಂಎಂ ಹಾಕಿದರೆ 1060 ಗ್ರಾಂ. ವ್ಯತ್ಯಾಸ ಬರೀ ಅರ್ಧ ಕೆಜಿ ಅಂತ ಮೊದಲು ನನಗೂ ಅನ್ನಿಸಿತು. ಆದರೆ ಮುಖದ ಮುಂದೆ ಹಿಡಿದಾಗ ಡಿ500 ನನ್ನ ಮುಖವನ್ನು ಪೂರ್ತಿ ಮುಚ್ಚುತ್ತದೆ. ಎಕ್ಸ್-ಟಿ30 ಹಿಡಿದರೆ ನನ್ನ ಬಾಯಿ, ಗಲ್ಲ, ಇನ್ನೊಂದು ಕಣ್ಣು ಎದುರಿನವರಿಗೆ ಕಾಣುತ್ತಿರುತ್ತದೆ. ನಾನು ನಕ್ಕರೆ ಅವರಿಗೆ ಗೊತ್ತಾಗುತ್ತದೆ. ಮಾತು ನಿಲ್ಲುವುದಿಲ್ಲ. ನನ್ನ ಡೈರಿಯಲ್ಲಿ ಬರೆದದ್ದಕ್ಕೆಲ್ಲ ಉತ್ತರ ಅಲ್ಲಿತ್ತು.

2020ರ ಜನವರಿಯಲ್ಲಿ ಅದನ್ನೇ ಕೊಂಡೆ, ಆ ಒಂದು ಲೆನ್ಸಿನ ಜೊತೆ. ಒಂದು ಅಂಗಡಿಯವರು ಕಡಿಮೆ ಬೆಲೆಗೆ ಕೊಡುತ್ತೇವೆ ಅಂದರು, ಬಿಲ್ಲೂ ಇಲ್ಲ, ಇಲ್ಲಿನ ವಾರಂಟಿಯೂ ಇಲ್ಲ. ಬೇಡ ಅಂದೆ.

ಮೊದಲ ರಾತ್ರಿಯೇ ಒಂದು ಪಾಠ ಆಯಿತು. ಎಲೆಕ್ಟ್ರಾನಿಕ್ ಶಟರ್ ಹಾಕಿದರೆ ಒಂಚೂರೂ ಸದ್ದಿಲ್ಲ, ಅದೇ ಖುಷಿಯಲ್ಲಿ ಇಡೀ ಚೌಕಿಯನ್ನು 1/250 ಸೆಕೆಂಡಿನ ಶಟರ್ ವೇಗದಲ್ಲಿ ತೆಗೆದೆ. ಮನೆಗೆ ಬಂದು ಕಂಪ್ಯೂಟರಿನಲ್ಲಿ ನೋಡಿದರೆ ಎಲ್ಲ ಮುಖಗಳ ಮೇಲೂ ಅಡ್ಡಡ್ಡ ಕಪ್ಪು ಪಟ್ಟಿ. ಆ ರಾತ್ರಿಯ ಬಣ್ಣದ ವೇಷದ ಚಿತ್ರಗಳನ್ನು ಕಳೆದುಕೊಂಡದ್ದು ಇವತ್ತಿಗೂ ನೋವು. ಕಾರಣ ಹುಡುಕಿದಾಗ ಗೊತ್ತಾದದ್ದು ಇಷ್ಟು. ನಮ್ಮ ಕರೆಂಟು 50 ಹರ್ಟ್ಜ್. ಅಗ್ಗದ ಎಲ್ಇಡಿ, ಹಳೆಯ ಚೋಕ್ ಇರುವ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಕುಗ್ಗಿ ಹಿಗ್ಗುತ್ತವೆ. ಎಲೆಕ್ಟ್ರಾನಿಕ್ ಶಟರ್ ಚಿತ್ರವನ್ನು ಮೇಲಿನಿಂದ ಕೆಳಕ್ಕೆ ಸಾಲು ಸಾಲಾಗಿ ಓದುತ್ತದೆ. ಬೆಳಕು ಕುಗ್ಗಿದಾಗ ಓದಿದ ಸಾಲು ಕಪ್ಪು, ಹಿಗ್ಗಿದಾಗ ಓದಿದ್ದು ಬಿಳಿ. 1/100 ಅಥವಾ 1/50 ಇಟ್ಟರೆ ಪ್ರತಿ ಸಾಲಿಗೂ ಪೂರ್ತಿ ಸುತ್ತಿನ ಬೆಳಕು ಸಿಗುತ್ತದೆ, ಪಟ್ಟಿ ಮಾಯ. ಅಮೆರಿಕದಲ್ಲಿ ಕೂತವರ ವಿಡಿಯೋ ನೋಡಿ 1/60, 1/120 ಇಟ್ಟುಕೊಳ್ಳಬೇಡಿ, ಅಲ್ಲಿ 60 ಹರ್ಟ್ಜ್.

ಈಗ ಚೌಕಿಯಲ್ಲಿ ನನ್ನ ಸೆಟ್ಟಿಂಗ್ ಯಾವಾಗಲೂ 1/100, ಎಫ್ 2, ಐಎಸ್‌ಒ 6400ರ ಮಿತಿಯೊಳಗೆ ಆಟೋ. ಬೀಪ್ ಸದ್ದು ಬಂದ್. ಫೋಕಸ್‌ಗೆ ಹೊತ್ತಿಕೊಳ್ಳುವ ಮುಂದಿನ ಪುಟ್ಟ ದೀಪವೂ ಬಂದ್, ಇದನ್ನು ಮರೆತರೆ ಕಣ್ಣಿಗೆ ಕಾಡಿಗೆ ಹಚ್ಚುತ್ತಿರುವವರಿಗೆ ಅದು ನೇರ ಕಣ್ಣಿಗೇ ಹೊಡೆಯುತ್ತದೆ. ಫ್ಲ್ಯಾಶಿನ ಮಾತೇ ಇಲ್ಲ.

ಚೆಂಡೆ ಬಡಿತ ಏರಿ ಧಿಗಿಣ (ಗಿರಗಿರ ಸುತ್ತುವ ಕುಣಿತ) ಶುರುವಾಯಿತೋ, ನಾನು ಡಿ500ಗೆ ವಾಪಸ್. ಆ ಸುತ್ತಿಗೆ 1/500 ಆದರೂ ಬೇಕು. ಡಿ500ನಲ್ಲಿ ಫ್ಲಿಕರ್ ರಿಡಕ್ಷನ್ ಇದೆ, ಬೆಳಕು ಹಿಗ್ಗಿದ ಗಳಿಗೆ ನೋಡಿ ಶಟರ್ ಬಿಡುತ್ತದೆ. ಚೆಂಡೆಯ ಮುಂದೆ ಅದರ ಸದ್ದು ಯಾರಿಗೂ ಕೇಳುವುದಿಲ್ಲ. 85 ಎಂಎಂ ಎಫ್ 1.8 ಹಾಕಿ ರಂಗಸ್ಥಳದ ಪಕ್ಕದಲ್ಲಿ ಕೂತರೆ ಬೆಳಗಿನವರೆಗೂ ಒಂದೇ ಬ್ಯಾಟರಿ. ಕಂಪನಿಯ ಲೆಕ್ಕದಲ್ಲಿ ಡಿ500ಗೆ ಒಂದು ಚಾರ್ಜಿಗೆ 1240 ಚಿತ್ರ, ಎಕ್ಸ್-ಟಿ30ಗೆ 380. ಸಣ್ಣದಕ್ಕೆ ಎರಡು ಬ್ಯಾಟರಿ ಜಾಸ್ತಿ ಇಟ್ಟುಕೊಂಡಿದ್ದೇನೆ. ಯುಎಸ್‌ಬಿ-ಸಿ ಇರುವುದರಿಂದ ಪವರ್‌ಬ್ಯಾಂಕಿನಿಂದಲೂ ನಡೆಯುತ್ತದೆ.

ಎರಡು ಕ್ಯಾಮೆರಾ ಒಟ್ಟಿಗೆ ಇಟ್ಟುಕೊಳ್ಳುವವರಿಗೆ ಒಂದೆರಡು ಮಾತು. ಎರಡರ ಗಡಿಯಾರವನ್ನೂ ಫೋನ್ ನೋಡಿ ಸೆಕೆಂಡಿಗೆ ಸೆಕೆಂಡ್ ಹೊಂದಿಸಿಡಿ. ಇಲ್ಲದಿದ್ದರೆ ಕಂಪ್ಯೂಟರಿನಲ್ಲಿ ಕಥೆ ಹಿಂದುಮುಂದಾಗಿ, ವಧೆಯಾದ ಮೇಲೆ ರಾಕ್ಷಸ ಬಣ್ಣ ಹಚ್ಚಿಕೊಳ್ಳುತ್ತಿರುತ್ತಾನೆ. ಲೆನ್ಸ್ ಹಾಕುವ ದಿಕ್ಕು ನಿಕಾನ್‌ಗೂ ಫ್ಯೂಜಿಗೂ ಉಲ್ಟಾ, ಕತ್ತಲಲ್ಲಿ ಅವಸರ ಮಾಡಬೇಡಿ. ಹಳೆಯ ಲೈಟ್‌ರೂಮ್ 6 ಇಟ್ಟುಕೊಂಡವರು ಕೊಳ್ಳುವ ಮುಂಚೆಯೇ ತಿಳಿದಿರಲಿ, ಅದಕ್ಕೆ 2017ರ ಡಿಸೆಂಬರಿನ ನಂತರ ಹೊಸ ಅಪ್‌ಡೇಟ್ ಬಂದಿಲ್ಲ, ಆಮೇಲಿನ ಕ್ಯಾಮೆರಾಗಳ ರಾ ಫೈಲುಗಳನ್ನು (ಕ್ಯಾಮೆರಾ ತಿದ್ದದೆ ಕೊಡುವ ಮೂಲ ಫೈಲುಗಳು) ಉಚಿತ ಡಿಎನ್‌ಜಿ ಕನ್ವರ್ಟರಿನಲ್ಲಿ ಹಾಕಿ ತೆಗೆಯಬೇಕು. ನಾನು ಆ ದಾರಿಯಲ್ಲೇ ಒಂದು ವರ್ಷ ನಡೆಸಿದೆ. ಇನ್ನು ಎಕ್ಸ್-ಟಿ30ಗೆ ಮಳೆ ತಡೆಯುವ ಸೀಲಿಂಗ್ ಇಲ್ಲ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ಹೆಚ್ಚಾಗಿ ಮನೆಯೊಳಗೇ. ಮಲೆನಾಡಿನ ತೇವಕ್ಕೆ ಲೆನ್ಸಿಗೆ ಬೂಷ್ಟು ಹಿಡಿಯುವುದು ಎಷ್ಟು ಬೇಗ ಅಂತ ನಮಗೆಲ್ಲ ಗೊತ್ತು. ಬಿಗಿ ಮುಚ್ಚಳದ ಡಬ್ಬಿ, ಸಿಲಿಕಾ ಜೆಲ್, ತೇವ ತೋರಿಸುವ ಸಣ್ಣ ಮೀಟರ್, ಇಷ್ಟಿದ್ದರೆ ಸಾಕು. ಮುಳ್ಳು 50 ದಾಟಿದರೆ ಜೆಲ್ ಬದಲಿಸುತ್ತೇನೆ.

ಸಣ್ಣ ಕ್ಯಾಮೆರಾ ಕೊಂಡ ವರ್ಷವೇ, 2020ರ ಮಾರ್ಚಿನಲ್ಲಿ, ಲಾಕ್‌ಡೌನ್ ಬಂತು. ಗುಡವಿ ಇಲ್ಲ, ಯಕ್ಷಗಾನದ ಆಟ ಇಲ್ಲ. ಡಿ500 ತಿಂಗಳುಗಟ್ಟಲೆ ಡಬ್ಬಿಯಲ್ಲೇ ಕೂತಿತು. ಸಣ್ಣದು ಅಡುಗೆಮನೆಯ ಗೂಡಿನಲ್ಲಿ, ಕಾಫಿಪುಡಿ ಡಬ್ಬಿಯ ಪಕ್ಕ ಇರುತ್ತಿತ್ತು. ಅಮ್ಮ ಮಿಡಿಮಾವಿನಕಾಯಿ ಉಪ್ಪಿಗೆ ಹಾಕುವುದು, ಹಪ್ಪಳ ಒಣಗಿಸುವುದು, ಮಧ್ಯಾಹ್ನ ಜಗಲಿಯಲ್ಲಿ ಪೇಪರ್ ಮುಖದ ಮೇಲೆ ಹಾಕಿಕೊಂಡು ಮಲಗುವುದು, ಎಲ್ಲ ಆಗ ಸಿಕ್ಕಿದ್ದು. ಅಮ್ಮ ಸೆರಗು ಸರಿಮಾಡಿಕೊಳ್ಳುವುದನ್ನು ಬಿಟ್ಟರು. ಆ ಕೆಲವು ತಿಂಗಳ ಚಿತ್ರಗಳು ನನ್ನ ಹತ್ತು ವರ್ಷದ ಹಕ್ಕಿಗಳಿಗಿಂತ ನನಗೆ ಬೆಲೆಯುಳ್ಳವು.

ಕಳೆದ ತಿರುಗಾಟದಲ್ಲಿ ಒಂದು ರಾತ್ರಿ ಚೌಕಿಯಲ್ಲಿ ಒಬ್ಬ ಹಿರಿಯ ಕಲಾವಿದರ ಪಕ್ಕ ಕೂತು ತೆಗೆಯುತ್ತಿದ್ದೆ. ಎಷ್ಟೋ ಹೊತ್ತು ನನ್ನನ್ನು ಗಮನಿಸಲೇ ಇಲ್ಲ. ಆಮೇಲೆ, "ಎಲ್ಲಿ, ತೋರ್ಸಿ" ಅಂದರು. ಕ್ಯಾಮೆರಾದಿಂದ ಫೋನಿಗೆ ಒಂದು ಚಿತ್ರ ಕಳಿಸಿ ಅವರ ಕೈಗೆ ಕೊಟ್ಟೆ. ಕನ್ನಡಿಯಲ್ಲಿ ಮುಖ ಎಡಬಲ ಅದಲುಬದಲಾಗಿ ಕಾಣುತ್ತದೆ, ಫೋಟೋದಲ್ಲಿ ಸಭೆಗೆ ಕಾಣುವ ಹಾಗೇ ಇರುತ್ತದೆ. ಅವರು ಅದನ್ನು ಸ್ವಲ್ಪ ಹೊತ್ತು ದಿಟ್ಟಿಸಿ ನೋಡಿದರು. ಫೋನ್ ನನಗೆ ವಾಪಸ್ ಕೊಟ್ಟು, ಕಡ್ಡಿ ಎತ್ತಿಕೊಂಡು, ಎಡ ಹುಬ್ಬಿನ ಗೆರೆಯನ್ನು ಒಂದು ಎಳೆ ದಪ್ಪ ಮಾಡಿಕೊಂಡರು.