ಸ್ವಾಪ್ ಇಲ್ಲದ ಸರ್ವರ್ ಮತ್ತು ಬಿಡುವಿಲ್ಲದ ಡಿಸ್ಕ್: ನನ್ನ ಅನುಭವ

ನನ್ನ ಕೈಗೆ ಬಂದ ಆ ಲಿನಕ್ಸ್ ಸರ್ವರ್‌ನಲ್ಲಿ 4 ಜಿಬಿ ಮೆಮೊರಿ ಇತ್ತು, ಸ್ವಾಪ್ (ಮೆಮೊರಿ ಸಾಲದಾದಾಗ ಅದರಲ್ಲಿರುವುದನ್ನು ಸರಿಸಿಡುವ ಜಾಗ, ಸಾಮಾನ್ಯವಾಗಿ ಡಿಸ್ಕ್‌ನಲ್ಲಿ) ಇರಲಿಲ್ಲ. ಸ್ವಾಪ್ ಇದ್ದರೆ ಯಂತ್ರ ನಿಧಾನವಾಗುತ್ತದೆ ಎಂದು ನಂಬಿ ಹಿಂದೆ ನೋಡಿಕೊಳ್ಳುತ್ತಿದ್ದವರು ತೆಗೆಸಿದ್ದರು. ಡೇಟಾಬೇಸ್ ಜೊತೆಗೆ ವರದಿ ತಯಾರಿಸುವ ಪ್ರೋಗ್ರಾಂ ಶುರುವಾಯಿತೆಂದರೆ ಲಾಗಿನ್ ಆಗುವುದೇ ಕಷ್ಟ. ಸ್ವಾಪ್ ಇಲ್ಲದಿದ್ದರೂ ಡಿಸ್ಕ್ ಓದು ಮಾತ್ರ ಒಂದೇ ಸಮನೆ ನಡೆದಿರುತ್ತಿತ್ತು. ಏನನ್ನು ಓದುತ್ತಿದೆ?

ಉತ್ತರ ಪುಟಗಳ, ಅಂದರೆ ಮೆಮೊರಿಯನ್ನು ಹಂಚುವ ಸಣ್ಣ ತುಂಡುಗಳ, ಸ್ವಭಾವದಲ್ಲೇ ಇದೆ. ಫೈಲ್‌ನಿಂದ ಬಂದ ಪುಟ ಬದಲಾಗಿರದಿದ್ದರೆ ಕರ್ನಲ್ (ಲಿನಕ್ಸ್‌ನ ತಿರುಳು) ಅದನ್ನು ಸುಮ್ಮನೆ ಬಿಟ್ಟುಬಿಡಬಹುದು. ಬೇಕಾದಾಗ ಡಿಸ್ಕ್‌ನಿಂದ ಮತ್ತೆ ಓದಿದರಾಯಿತು. ಪ್ರೋಗ್ರಾಂ ತನ್ನ ಕೆಲಸಕ್ಕೆಂದು ಪಡೆದ ಅನಾಮಿಕ ಪುಟಕ್ಕೆ ಡಿಸ್ಕ್‌ನಲ್ಲಿ ಮೂಲವಿಲ್ಲ, ಹೊರಹೋಗಲು ಸ್ವಾಪ್ ಒಂದೇ ದಾರಿ. ಆ ದಾರಿ ಮುಚ್ಚಿದರೆ, ಬೆಳಗಿನಿಂದ ಯಾರೂ ಮುಟ್ಟದ ಅನಾಮಿಕ ಪುಟವೂ ಅಲ್ಲೇ ಕೂತಿರುತ್ತದೆ. ಒತ್ತಡವೆಲ್ಲ ಫೈಲ್ ಪುಟಗಳ ಮೇಲೆ. ಓಡುತ್ತಿರುವ ಪ್ರೋಗ್ರಾಂನ ಕೋಡ್ ಕೂಡ ಫೈಲ್ ಪುಟವೇ! ಅದನ್ನೇ ಹೊರಹಾಕಿ, ಮರುಕ್ಷಣವೇ ಮತ್ತೆ ಓದಿ ತರುವುದರಲ್ಲಿ ಯಂತ್ರ ಸುಸ್ತಾಗುತ್ತಿತ್ತು.

ಊಹೆಗೆ ಸಾಕ್ಷಿ ಬೇಕಿತ್ತು. ಫೈಲ್ ಪುಟವನ್ನು ಹೊರಹಾಕುವಾಗ ಕರ್ನಲ್ ಅದರ ಜಾಗದಲ್ಲಿ ಒಂದು ಪುಟ್ಟ ಗುರುತು ಬಿಟ್ಟಿರುತ್ತದೆ. ಆ ಪುಟ ಮರಳಿ ಬಂದರೆ ಅದು ‘ರೀಫಾಲ್ಟ್’. ಕರ್ನಲ್ ತನ್ನ ಮೆಮೊರಿ ಲೆಕ್ಕ ತೋರಿಸುವ ವಿಎಂಸ್ಟ್ಯಾಟ್ ಕಡತದಲ್ಲಿ ಫೈಲ್ ರೀಫಾಲ್ಟ್‌ಗಳ ಎಣಿಕೆ ನೋಡನೋಡುತ್ತಲೇ ಏರುತ್ತಿತ್ತು. ಪಕ್ಕದಲ್ಲೇ ಡೈರೆಕ್ಟ್ ರಿಕ್ಲೇಮ್ ಎಣಿಕೆಯೂ ಏರುತ್ತಿತ್ತು. ಖಾಲಿ ಮೆಮೊರಿ ಕರ್ನಲ್ ಗೊತ್ತುಮಾಡಿದ ಕೆಳಗಿನ ಗೆರೆಗಿಂತ ಇಳಿದಾಗ ಅದರ ಕೆಸ್ವಾಪ್‌ಡಿ ಎಂಬ ಪ್ರಕ್ರಿಯೆ ಎದ್ದು, ಮೇಲಿನ ಗೆರೆಯವರೆಗೆ ಹಿನ್ನೆಲೆಯಲ್ಲಿ ಪುಟ ಬಿಡಿಸುತ್ತದೆ. ಅದರ ಕೈಮೀರಿದರೆ ಮೆಮೊರಿ ಕೇಳಿದ ಪ್ರಕ್ರಿಯೆಯೇ ತನ್ನ ಕೆಲಸ ನಿಲ್ಲಿಸಿ ಪುಟ ಬಿಡಿಸಬೇಕು, ಇದೇ ಡೈರೆಕ್ಟ್ ರಿಕ್ಲೇಮ್. ಇಷ್ಟಾದರೂ, ಮೆಮೊರಿ ಮುಗಿದಾಗ ಯಾವುದಾದರೂ ಪ್ರಕ್ರಿಯೆಯನ್ನು ಕೊಲ್ಲುವ ಔಟ್ ಆಫ್ ಮೆಮೊರಿ ಕಿಲ್ಲರ್ ಬರಲಿಲ್ಲ. ಪ್ರತಿ ಸಲವೂ ಒಂದಷ್ಟು ಪುಟ ಸಿಕ್ಕುತ್ತಲೇ ಇದ್ದುದರಿಂದ ಮೆಮೊರಿ ಮುಗಿಯಿತು ಎಂದು ಕರ್ನಲ್‌ಗೆ ಅನ್ನಿಸಿರಲಿಲ್ಲ. ಇಂಥ ಹೊತ್ತಿನಲ್ಲಿ ನಾನು ನಂಬುವುದು 2018ರಲ್ಲಿ 4.20 ಕರ್ನಲ್ ಜೊತೆ ಬಂದ ಪಿಎಸ್‌ಐ (ಪ್ರೆಶರ್ ಸ್ಟಾಲ್ ಇನ್ಫರ್ಮೇಶನ್) ಅಂಕಿಗಳನ್ನು. ಖಾಲಿ ಮೆಮೊರಿ ಎಷ್ಟಿದೆ ಎಂಬುದಕ್ಕಿಂತ, ಮೆಮೊರಿಗಾಗಿ ಕೆಲಸ ಎಷ್ಟು ಹೊತ್ತು ನಿಂತಿತ್ತು ಎಂಬುದೇ ಮುಖ್ಯ. ಪಿಎಸ್‌ಐ ಹೇಳುವುದು ಅದನ್ನೇ.

ಪರಿಹಾರವಾಗಿ 2 ಜಿಬಿ ಝೆಡ್‌ರ‍್ಯಾಮ್ ಸ್ವಾಪ್ ಹಾಕಿದೆ. ನಿಷ್ಕ್ರಿಯ ಅನಾಮಿಕ ಪುಟಗಳು ಸಂಕುಚಿತಗೊಂಡು ಮೆಮೊರಿಯಲ್ಲೇ ಉಳಿಯುತ್ತವೆ, ಡಿಸ್ಕ್ ತಂಟೆಗೆ ಹೋಗುವುದಿಲ್ಲ. ಅನಾಮಿಕ ಪುಟಗಳನ್ನು ಸ್ವಾಪ್‌ಗೆ ಕಳಿಸುವ ಒಲವನ್ನು ಹೇಳುವ ಸ್ವಾಪಿನೆಸ್ 60 ಇದ್ದುದನ್ನು 150ಕ್ಕೆ ಏರಿಸಿದೆ, 5.8 ಕರ್ನಲ್‌ನಿಂದ ಅದು 200ರವರೆಗೂ ಹೋಗಬಹುದು. ಡೇಟಾಬೇಸ್‌ಗೆ ಸಿಗ್ರೂಪ್‌ನಲ್ಲಿ (ಪ್ರಕ್ರಿಯೆಗಳನ್ನು ಗುಂಪು ಮಾಡಿ ಸಂಪನ್ಮೂಲ ಹಂಚುವ ಕರ್ನಲ್ ಸೌಲಭ್ಯ) ‘ಮೆಮೊರಿ ಲೋ’ ರಕ್ಷಣೆ ಕೊಟ್ಟು, ವರದಿ ಪ್ರೋಗ್ರಾಂಗೆ ‘ಮೆಮೊರಿ ಹೈ’ ಮಿತಿ ಹಾಕಿದೆ. ವರದಿ ತುಸು ತಡವಾಗುತ್ತದೆ, ಲಾಗಿನ್ ತಟ್ಟನೆ ಆಗುತ್ತದೆ, ರೀಫಾಲ್ಟ್ ಎಣಿಕೆಯ ಓಟ ನಿಂತಿದೆ.

ಝೆಡ್‌ರ‍್ಯಾಮ್ ಹಾಕುವವರು ಪೇಜ್ ಕ್ಲಸ್ಟರ್ ಮೌಲ್ಯವನ್ನೂ 3ರಿಂದ 0ಗೆ ಇಳಿಸಿ. 3 ಎಂದರೆ ಸ್ವಾಪ್‌ನಿಂದ ಒಮ್ಮೆಗೆ 8 ಪುಟಗಳವರೆಗೆ ಮುಂಚಿತವಾಗಿ ಓದುವುದು. ತಿರುಗುವ ಡಿಸ್ಕ್‌ಗೆ ಅದು ಲಾಭ. ಇಲ್ಲಿ ಬೇಡದ ಪುಟಗಳನ್ನೂ ಬಿಚ್ಚುವ ದಂಡದ ಕೆಲಸ.