ಮುಖವಿಲ್ಲದ ಹೆಂಗಸನ್ನು ಬಿಡಿಸಿದ ಬಗೆ

ಭಯದ ಕಾಮಿಕ್ಸ್ ಬಿಡಿಸುವುದನ್ನು ಕಲಿಯಬೇಕು ಅಂತ ಕೂತಾಗ ನಾನು ಆರಿಸಿಕೊಂಡದ್ದು ಜಪಾನಿನ ಒಂದು ಪುಟ್ಟ ಕತೆ. ಲಾಫ್ಕಾಡಿಯೊ ಹರ್ನ್ ಅವರ 'ಕ್ವೈದಾನ್' ಸಂಕಲನ 1904ರಲ್ಲಿ ಬಂತು. ಅದರಲ್ಲಿ 'ಮುಜಿನ' ಅನ್ನುವ ಕತೆಯಿದೆ, ಐದು ನಿಮಿಷದಲ್ಲಿ ಓದಿ ಮುಗಿಯುತ್ತದೆ. ಟೋಕಿಯೊದ ಅಕಾಸಾಕದಲ್ಲಿ ಒಂದು ಏರುದಾರಿ. ಒಂದು ಬದಿಗೆ ಹಳೇ ಕಂದಕ, ಇನ್ನೊಂದು ಬದಿಗೆ ಅರಮನೆಯ ಎತ್ತರದ ಗೋಡೆ. ಬೀದಿದೀಪಗಳು ಬರುವ ಮೊದಲಿನ ಕಾಲ. ರಾತ್ರಿ ಹೊತ್ತಾದ ಮೇಲೆ ಒಬ್ಬ ಮುದುಕ ವ್ಯಾಪಾರಿ ಆ ಏರು ಹತ್ತುತ್ತಿರುವಾಗ ಕಂದಕದ ಪಕ್ಕ ಒಬ್ಬಳು ಹೆಂಗಸು ಕುಕ್ಕರಿಸಿಕೊಂಡು ಬಿಕ್ಕಿ ಬಿಕ್ಕಿ ಅಳುತ್ತಿರುತ್ತಾಳೆ. 'ಅಳಬೇಡ ತಾಯಿ, ಏನಾಯಿತು ಹೇಳು' ಅಂತ ಈತ ಹೆಗಲ ಮೇಲೆ ಕೈ ಇಡುತ್ತಾನೆ. ಅವಳು ತಿರುಗಿ, ತೋಳಿನ ಮರೆ ಸರಿಸಿ, ಮುಖವನ್ನೊಮ್ಮೆ ಸವರಿಕೊಳ್ಳುತ್ತಾಳೆ. ಅಲ್ಲಿ ಕಣ್ಣಿಲ್ಲ, ಮೂಗಿಲ್ಲ, ಬಾಯಿಲ್ಲ. ಮುದುಕ ಕಿರುಚಿಕೊಂಡು ಓಡುತ್ತಾನೆ. ಬಹಳ ದೂರದಲ್ಲಿ ಒಂದು ಲಾಟೀನು. ಅದು ಸೋಬಾ ಶಾವಿಗೆ ಮಾರುವವನದು. ಅವನ ಕಾಲಿಗೆ ಬಿದ್ದು ತೊದಲುತ್ತಾನೆ. 'ಓ, ಅವಳು ತೋರಿಸಿದ್ದು ಹೀಗಿತ್ತಾ?' ಅನ್ನುತ್ತ ಶಾವಿಗೆಯವನೂ ಮುಖ ಸವರಿಕೊಳ್ಳುತ್ತಾನೆ. ದೀಪ ಆರುತ್ತದೆ. ಕತೆ ಅಷ್ಟೇ.

ಒಂದು ಹನಿ ರಕ್ತವಿಲ್ಲ, ಯಾರೂ ಸಾಯುವುದಿಲ್ಲ, ಸೇಡಿನ ಮಾತೇ ಇಲ್ಲ. ಸೇಡಿನ ದೆವ್ವ ಜಪಾನಿನಲ್ಲೂ ಬೇಕಾದಷ್ಟಿವೆ. 1825ರಲ್ಲಿ ಎದೊ (ಈಗಿನ ಟೋಕಿಯೊ) ಪಟ್ಟಣದ ಕಬುಕಿ ನಾಟಕರಂಗಕ್ಕೆ ಬಂದ ಓಯಿವಾ ಅನ್ನುವ ದೆವ್ವ ನಮ್ಮ ಮೋಹಿನಿಯರ ಪಕ್ಕದ ಮನೆಯವಳೇ. ವಿಷದಿಂದ ಮುಖ ವಿಕಾರವಾಗಿ, ಬಾಚಿದಷ್ಟೂ ಕೂದಲು ಕಿತ್ತು ಬರುತ್ತಿರುವ ಅವಳ ದೃಶ್ಯವನ್ನು ಇವತ್ತಿಗೂ ಆಡುತ್ತಾರೆ. ಅವಳನ್ನು ಕಂಡರೆ ಹೆದರಿಕೆಯ ಜೊತೆ ಮರುಕವೂ ಹುಟ್ಟುತ್ತದೆ, ಯಾಕೆ ದೆವ್ವವಾದಳು ಅಂತ ನಮಗೆ ಗೊತ್ತಿರುತ್ತದಲ್ಲ. ಕಂದಕದ ಹೆಂಗಸಿಗೆ ಅಂಥ ಪೂರ್ವಕತೆ ಇಲ್ಲ. ನನ್ನ ಸ್ಕ್ರಿಪ್ಟ್ ಓದಿದ ಗೆಳೆಯನೊಬ್ಬ 'ಅವಳು ಯಾರು, ಹೇಗೆ ಸತ್ತಳು, ಒಂದು ಪುಟ ಹಾಕು' ಅಂದ. ನಾನು ಒಪ್ಪಲಿಲ್ಲ. ಕಾರಣ ಕೊಟ್ಟ ಕೂಡಲೇ ಪರಿಹಾರವೂ ಇದೆ ಅಂತ ಓದುಗನಿಗೆ ಅನ್ನಿಸುತ್ತದೆ. ನಿಂಬೆಹಣ್ಣೋ ತಾಯತವೋ ಏನೋ ಒಂದು. ಈ ಕತೆ ಆ ಬಾಗಿಲನ್ನು ತೆರೆಯುವುದೇ ಇಲ್ಲ, ನನಗೆ ಇದು ಬೇಕಾಗಿದ್ದದ್ದೇ ಅದಕ್ಕೆ.

ಎಂಟು ಪುಟ ಅಂತ ಮೊದಲೇ ಗೊತ್ತುಮಾಡಿಕೊಂಡೆ. ಎರಡು ಎ4 ಹಾಳೆಗೆ ಎರಡೂ ಬದಿ ಜೆರಾಕ್ಸ್ ಹಾಕಿಸಿ, ನಡುವೆ ಮಡಚಿ ಪಿನ್ ಹೊಡೆದರೆ ಪುಸ್ತಕ ತಯಾರು. ಕನ್ನಡದ ಪುಸ್ತಕದಲ್ಲಿ 2, 4, 6 ಇವೆಲ್ಲ ಎಡಗಡೆಯ ಪುಟಗಳು. ಹಾಳೆ ತಿರುವಿದ ಕ್ಷಣ ಕಣ್ಣು ಮೊದಲು ಬೀಳುವುದು ಅಲ್ಲಿಗೆ. ಮಾಂಗಾವನ್ನು, ಅಂದರೆ ಜಪಾನಿ ಕಾಮಿಕ್ಸನ್ನು, ಬಲದಿಂದ ಎಡಕ್ಕೆ ಓದುವುದರಿಂದ ಅಲ್ಲಿ ಈ ಜಾಗ ಬಲಪುಟದ ಮೇಲ್ಭಾಗ. ಭಯದ ಮಾಂಗಾಕ್ಕೆ ಹೆಸರಾದ ಇತೊ ಜುಂಜಿ ಅವರ ಪುಸ್ತಕಗಳನ್ನು ಪಕ್ಕದಲ್ಲಿಟ್ಟುಕೊಂಡು ನಾನು ಮಾಡಿದ್ದು ಇದೊಂದೇ ಕೆಲಸ: ದೊಡ್ಡ ಚಿತ್ರ ಎಲ್ಲಿ ಬರುತ್ತದೆ, ಅದರ ಹಿಂದಿನ ಪುಟದ ಕೊನೆಯ ಚೌಕದಲ್ಲಿ ಏನಿದೆ ಅಂತ ಗುರುತು ಹಾಕುತ್ತ ಹೋಗುವುದು. ಹೆಚ್ಚಿನ ಕಡೆ ಆ ಕೊನೆಯ ಚೌಕದಲ್ಲಿ ಯಾರೋ ಏನನ್ನೋ ನೋಡುತ್ತಿರುತ್ತಾರೆ, ನೋಡಿದ್ದು ಏನೆಂದು ನಮಗೆ ಕಾಣುವುದಿಲ್ಲ. ಹಾಳೆ ತಿರುವಬೇಕು. ತಿರುವುವುದು ಓದುಗನ ಬೆರಳು, ಹಾಗಾಗಿ ಭಯವನ್ನು ಅವನೇ ಕೈಯಾರೆ ತಂದುಕೊಂಡ ಹಾಗಾಗುತ್ತದೆ. ಸಿನಿಮಾಕ್ಕೆ ಈ ಅನುಕೂಲವಿಲ್ಲ.

ಈ ಲೆಕ್ಕದಲ್ಲಿ ನನ್ನ ಪುಟಗಳು ತಾವೇ ಜೋಡಿಸಿಕೊಂಡವು. 3ನೇ ಪುಟದ ಕೊನೆಯಲ್ಲಿ ಹೆಗಲ ಮೇಲಿಟ್ಟ ಕೈ, 4ರ ಮೇಲ್ಭಾಗದಲ್ಲಿ ಮುಖ. 5ರಿಂದ 7ರವರೆಗೆ ಓಟ, ಕತ್ತಲು, ಲಾಟೀನು. 7ರ ಕೊನೆಯ ಚೌಕದಲ್ಲಿ ಶಾವಿಗೆಯವನ ಬೆನ್ನು ಮತ್ತು ಅವನ ಪ್ರಶ್ನೆ. 8, ಅಂದರೆ ಹಿಂಬದಿಯ ರಕ್ಷಾಪುಟ, ಪೂರ್ತಿ ಅವನಿಗೇ.

ಹೆಚ್ಚು ಒದ್ದಾಡಿದ್ದು 4ನೇ ಪುಟದ ಜೊತೆ. ಬರೀ ಮುಖವನ್ನು ಬರಿದೇ ಬಿಟ್ಟರೆ ಚಿತ್ರಕಾರ ಅರ್ಧಕ್ಕೆ ಎದ್ದುಹೋದ ಹಾಗೆ ಕಾಣುತ್ತದೆ, ಹೆದರಿಕೆ ಬರುವುದಿಲ್ಲ. ಆದ್ದರಿಂದ ಮುಖದ ಸುತ್ತಲಿನ ಪ್ರತಿಯೊಂದನ್ನೂ ಕೊರೆದು ಬಿಡಿಸಿದೆ. ಹಣೆಯಂಚಿನ ಎಳೆಗೂದಲು, ಕಿವಿಯ ಒಳಮಡಿಕೆ, ಕತ್ತಿನ ನರ, ಕಿಮೊನೊದ ಕೊರಳಪಟ್ಟಿಯ ನೇಯ್ಗೆ, ಮುಖದಿಂದ ಕೆಳಗಿಳಿಯುತ್ತಿರುವ ಕೈಯ ಉಗುರು. ಇವೆಲ್ಲ ಇಷ್ಟು ಕರಾರುವಾಕ್ಕಾಗಿದ್ದು ನಡುವೆ ಏನೂ ಇಲ್ಲದಿದ್ದಾಗ ಆ 'ಇಲ್ಲ'ಕ್ಕೆ ಬಲ ಬರುತ್ತದೆ. ಕಣ್ಣಿರಬೇಕಾದ ಕಡೆ 0.05 ಅಂಕಿಯ ಅತಿ ಸಣ್ಣ ಮೊನೆಯ ಪೆನ್ನಿನಿಂದ ನಾಲ್ಕಾರು ಚುಕ್ಕಿ ಮಾತ್ರ ಇಟ್ಟೆ, ಚರ್ಮ ಅಲ್ಲಿ ಒಂಚೂರು ತಗ್ಗಿದೆ ಅನ್ನುವಷ್ಟು. ಆ ಚುಕ್ಕಿಗಳಿಲ್ಲದ ಕರಡನ್ನೂ ಇರುವ ಕರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಮೊದಲನೆಯದು ಬಿಳಿ ಕಾಗದ, ಎರಡನೆಯದು ಮನುಷ್ಯಳು. ಇತೊ ಅವರು 1987ರಲ್ಲಿ 'ತೊಮಿಯೆ' ಅನ್ನುವ ಕತೆಯ ಮೂಲಕ ಮಾಂಗಾಕ್ಕೆ ಬರುವಾಗ ಹಲ್ಲಿನ ತಂತ್ರಜ್ಞರಾಗಿ ದುಡಿಯುತ್ತಿದ್ದವರು. ಅವರ ಗೆರೆಯಲ್ಲಿರುವ ಆ ಸೂಕ್ಷ್ಮ ತಾಳ್ಮೆ ಎಲ್ಲಿಂದ ಬಂತು ಅಂತ ನನಗೆ ಯಾವ ಅನುಮಾನವೂ ಇಲ್ಲ.

ದಾರಿ, ಗೋಡೆ, ಕಂದಕಕ್ಕೆ ಗುರುವಾದವರು ಮಾಂಗಾ ಕಲಾವಿದ ಮಿಜುಕಿ ಶಿಗೇರು (1922–2015). ಯುದ್ಧದಲ್ಲಿ ಎಡಗೈ ಕಳೆದುಕೊಂಡು ಬಂದು, ಒಂದೇ ಕೈಯಲ್ಲಿ ಜಪಾನಿನ ಯೋಕಾಯ್ (ಜನಪದ ಭೂತಗಳ) ಲೋಕವನ್ನೆಲ್ಲ ಬಿಡಿಸಿಟ್ಟ ಮಹಾನುಭಾವ. ಅವರ ಪಾತ್ರಗಳು ನಾಲ್ಕು ಗೆರೆಯ ಗೊಂಬೆಗಳು, ಹಿನ್ನೆಲೆಯ ಕಾಡು ಮನೆಗಳು ಮಾತ್ರ ಫೋಟೊದಷ್ಟು ದಟ್ಟ. ಜಾಗ ನಿಜ ಅನ್ನಿಸಿದರೆ ಸಾಕು, ಅಲ್ಲಿ ಏನು ಬಂದು ನಿಂತರೂ ನಂಬುತ್ತೇವೆ. ನನ್ನ ಮುದುಕನನ್ನು ನಾನೂ ಸರಳವಾಗಿಯೇ ಇಟ್ಟೆ, ಗೋಡೆಯ ಕಲ್ಲುಗಳಿಗೆ ವಾರಗಟ್ಟಲೆ ಚುಕ್ಕಿ ಹೊಡೆದೆ.

ಮಾತಿನ ಗುಳ್ಳೆಗಳ ವಿಷಯದಲ್ಲಿ ಜಪಾನಿನ ಮಾದರಿ ನಮಗೆ ಒಗ್ಗುವುದಿಲ್ಲ. ಅವರ ಬರಹ ಮೇಲಿನಿಂದ ಕೆಳಕ್ಕೆ, ಗುಳ್ಳೆಗಳು ಉದ್ದುದ್ದ. ಕನ್ನಡದಲ್ಲಿ 'ಹೆದರಿಕೊಂಡುಬಿಟ್ಟಿದ್ದೀರಲ್ಲ' ಅನ್ನುವ ಒಂದೇ ಪದಕ್ಕೆ ಅರ್ಧ ಚೌಕ ಬೇಕು, ಒತ್ತಕ್ಷರಗಳಿಗೆ ಕೆಳಗೆ ಜಾಗ ಬೇರೆ ಬಿಡಬೇಕು. ಚಿತ್ರ ಮುಗಿಸಿ ಮಾತು ತುಂಬಲು ಹೋದರೆ ಉಸಿರು ಕಟ್ಟುತ್ತದೆ. ಅದಕ್ಕೇ ಮೊದಲು ಪೆನ್ಸಿಲ್‌ನಲ್ಲಿ ಮಾತು ಬರೆದು, ಉಳಿದ ಜಾಗದಲ್ಲಿ ಮನುಷ್ಯರನ್ನು ಕೂರಿಸಿದೆ. 4 ಮತ್ತು 8ನೇ ಪುಟಗಳಲ್ಲಿ ಒಂದು ಅಕ್ಷರವೂ ಇಲ್ಲ.

ಆಮೇಲೆ ಇದನ್ನೇ ಮೊಬೈಲಿಗೆ ಮಾಡಿದೆ. ಅಲ್ಲಿ ತಿರುವಲು ಹಾಳೆಯಿಲ್ಲ. ಅದಕ್ಕೆ ದಾರಿ ತೋರಿಸಿದ್ದು ಕೊರಿಯಾದ ವೆಬ್‌ಟೂನ್‌ಗಳು, ಅಂದರೆ ಪರದೆಯ ಮೇಲೆ ಸರಿಸುತ್ತ ಓದುವ ಕಾಮಿಕ್ಸ್. 2011ರಲ್ಲಿ ಹೊರಾಂಗ್ ಅನ್ನುವ ಕಲಾವಿದ ಬೊಂಗ್‌ಚನ್-ದೋಂಗ್ ಬಡಾವಣೆಯ ದೆವ್ವದ ಕತೆ ಹಾಕಿದರು. ಬೆರಳಿನಿಂದ ಮೇಲಕ್ಕೆ ಸರಿಸುತ್ತಿರುವಾಗ ಚಿತ್ರ ತಾನಾಗಿ ಚಲಿಸಿ ದೆವ್ವ ಮೈಮೇಲೇ ಬಂದುಬಿಡುತ್ತದೆ. ಹಾಗೆ ಚಿತ್ರವನ್ನು ಓಡಿಸುವುದು ಈ ಕತೆಗೆ ಹೊಂದುವುದಿಲ್ಲ ಅನ್ನಿಸಿತು. ನಾನು ತೆಗೆದುಕೊಂಡದ್ದು ಖಾಲಿ ಜಾಗದ ಪಾಠ: ಹೆಗಲ ಮೇಲಿನ ಕೈಗೂ ಮುಖಕ್ಕೂ ನಡುವೆ ಒಂದು ಸ್ಕ್ರೀನಿಗಿಂತ ಉದ್ದದ ಕಪ್ಪು. ಅಷ್ಟು ಹೊತ್ತು ಏನೂ ಕಾಣದಿದ್ದರೆ ಬೆರಳಿನ ವೇಗ ತಾನಾಗಿ ಇಳಿಯುತ್ತದೆ. ಓದಲು ಕೊಟ್ಟವರೆಲ್ಲರ ಕೈಯನ್ನೇ ನೋಡುತ್ತ ಕೂತಿದ್ದೆ, ಅಲ್ಲಿ ತಡೆಯದವರು ಕಡಿಮೆ.

ಈಗ ಕೈಗೆತ್ತಿಕೊಂಡಿರುವುದು ನಮ್ಮ 'ನಾಳೆ ಬಾ'. ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಬಡಾವಣೆಗಳಲ್ಲಿ, ಸುತ್ತಲ ಹಳ್ಳಿಗಳಲ್ಲಿ ಬಾಗಿಲ ಮೇಲೆ ಸುಣ್ಣದಲ್ಲೋ ಇದ್ದಿಲಲ್ಲೋ ಬರೆದಿದ್ದ ಆ ಎರಡು ಪದ. ರಾತ್ರಿ ಮನೆಯವರದೇ ದನಿಯಲ್ಲಿ ಬಾಗಿಲು ಬಡಿಯುವವಳು ಅದನ್ನು ಓದಿ ಹೊರಟುಹೋಗುತ್ತಾಳೆ, ಮರುದಿನ ಬಂದಾಗ ಮತ್ತೆ ಅದೇ ಬರಹ. ಜಪಾನಿನಲ್ಲಿ 1979ರಲ್ಲಿ ಶಾಲೆಮಕ್ಕಳನ್ನು ನಡುಗಿಸಿದ ಸೀಳುಬಾಯಿ ಹೆಂಗಸಿನ ಗುಲ್ಲೂ ಹೀಗೆಯೇ: 'ನಾನು ಚೆಲುವೆಯಾ?' ಅಂತ ಕೇಳಿದರೆ 'ಪರವಾಗಿಲ್ಲ' ಅನ್ನಬೇಕು, ಅವಳು ಗೊಂದಲಕ್ಕೆ ಬಿದ್ದಾಗ ಓಡಬೇಕು. ಎರಡರಲ್ಲೂ ಪಾರಾಗುವ ಉಪಾಯ ಒಂದು ಮಾತು.

ದನಿಯನ್ನು ಬಿಡಿಸುವುದು ಹೇಗೆ ಅನ್ನುವುದೇ ಇಲ್ಲಿ ಕೆಲಸ. ಪ್ರತಿ ಪಾತ್ರಕ್ಕೂ ಬೇರೆ ಕೈಬರಹ ಕೊಟ್ಟಿದ್ದೇನೆ. ಅಮ್ಮನ ಅಕ್ಷರ ದುಂಡಗೆ, ದೀರ್ಘದ ಕೊಂಬು ಸ್ವಲ್ಪ ಉದ್ದ. ಹೊರಗಿನಿಂದ ಕರೆಯುವ ಗುಳ್ಳೆಯಲ್ಲೂ ಅದೇ ದುಂಡು, ಅದೇ ಉದ್ದ ಕೊಂಬು, ಗುಳ್ಳೆಯ ಬಾಲ ಮಾತ್ರ ಬಾಗಿಲ ಚಿಲಕದ ಕಡೆಗೆ. ಅಮ್ಮ ಒಳಗೆ ಮಲಗಿರುವುದು ಹಾಳೆ ತಿರುವಿದ ಮೇಲೆ ಕಾಣಬೇಕು, ಅದು 6ನೇ ಪುಟ. ಅಕ್ಷರಗಳನ್ನು ಇಂಕಿನಲ್ಲಿ ತಿದ್ದುವುದು ಇನ್ನೂ ಬಾಕಿ. ಎರಡು ಕಡೆಯ ಬರಹಕ್ಕೂ ಒಂದೇ ನಿಬ್ಬು, ಒಂದೇ ಕೂರುವಿಕೆಯಲ್ಲಿ ಬರೆದರೆ ಮಾತ್ರ ಕೈ ಒಂದೇ ಹದದಲ್ಲಿರುತ್ತದೆ. ಆದ್ದರಿಂದ ಅದಕ್ಕೊಂದು ಇಡೀ ಭಾನುವಾರ ತೆಗೆದಿಟ್ಟಿದ್ದೇನೆ.