ಕಾಲಿಲ್ಲದ ಹಲ್ಲಿ ಹುಡುಕುವ ಕೆಲಸ

ಗ್ರೇಟ್ ನಿಕೋಬಾರ್ ಕಾಡಿನಲ್ಲಿ ಸರೀಸೃಪಗಳ ಸಮೀಕ್ಷೆ ಅಂದರೆ ಎಲ್ಲರೂ ಮರದ ಕಡೆ ಟಾರ್ಚ್ ಹಿಡಿಯುತ್ತಾರೆ. ನನ್ನ ಕೆಲಸ ಕೊಳೆತ ದಿಮ್ಮಿಗಳ ಕೆಳಗೆ. ಡಿಬಾಮಸ್ ನಿಕೋಬಾರಿಕಸ್ ಅನ್ನುವ ಕಾಲಿಲ್ಲದ ಹಲ್ಲಿ ಇರುವುದು ಅಲ್ಲೇ. 1858ರಲ್ಲಿ ಆಸ್ಟ್ರಿಯಾದ ನೊವಾರಾ ಹಡಗು ನಿಕೋಬಾರಿಗೆ ಬಂದಿತ್ತು. ಆ ಯಾನದ ಸಂಗ್ರಹದಿಂದ 1867ರಲ್ಲಿ ಪ್ರಾಣಿವಿಜ್ಞಾನಿ ಸ್ಟೈನ್‌ಡಾಕ್ನರ್ ಈ ಹಲ್ಲಿಯ ವಿವರಣೆ ಪ್ರಕಟಿಸಿದರು.

ಮಳೆ ನಿಂತ ಮೇಲೆ ಹೋಗುವುದು ಒಳ್ಳೆಯದು. ಕೈಯಲ್ಲಿ ಕಳೆ ಕೀಳುವ ಚಿಕ್ಕ ಕುರ್ಚಿಗೆ, ದಪ್ಪ ಕೈಗವಸು ಇರಬೇಕು. ಗವಸು ಹಲ್ಲಿಗಾಗಿ ಅಲ್ಲ, ಚೇಳು, ಜರಿ, ಕುಳಿಮಂಡಲ ಅನ್ನುವ ವಿಷದ ಹಾವುಗಳಿಗಾಗಿ. ದಿಮ್ಮಿಯನ್ನು ಯಾವತ್ತೂ ನಮ್ಮ ಕಡೆಗೇ ಹೊರಳಿಸಬೇಕು. ಆಗ ಒಳಗಿದ್ದದ್ದು ಆಚೆ ಕಡೆ ಓಡುತ್ತದೆ. ಮೊದಲು ಸುಮ್ನೆ ನೋಡುವುದು, ಆಮೇಲೆ ತರಗೆಲೆ, ಆಮೇಲೆ ಮೇಲ್ಮಣ್ಣು.

ಸಿಕ್ಕಿದ್ದು ಜಾಸ್ತಿ ಸಲ ಹುಳಹಾವೇ, ಅಂದರೆ ಎರೆಹುಳುವಿನಂಥ ಪುಟ್ಟ ಹಾವು. ಎರಡೂ ಕಂದು, ಎರಡೂ ನುಣುಪು, ಎರಡರ ಕಣ್ಣೂ ಹುರುಪೆಯಡಿ ಮುಚ್ಚಿಹೋಗಿರುತ್ತವೆ. ನಾನು ಮೊದಲು ನೋಡುವುದು ನಾಲಿಗೆ. ಹುಳಹಾವಿನದು ಸೀಳಿರುತ್ತದೆ, ಡಿಬಾಮಸ್‌ನದು ಸೀಳಿರುವುದಿಲ್ಲ. ಇನ್ನು ಮೂತಿ. ಡಿಬಾಮಸ್ ಮೂತಿಗೆ ಕೆಲವೇ ದೊಡ್ಡ ಹುರುಪೆಗಳು, ಟೋಪಿ ಹಾಕಿದ ಹಾಗೆ. ಮಣ್ಣು ತಳ್ಳುವುದಕ್ಕೆ ಇದೇ ಆಯುಧ. ಕಿವಿಯ ತೂತೂ ಇಲ್ಲ.

ಬರಿಗೈಯಲ್ಲಿ ಹಿಡಿದರೆ ಬೆರಳ ಸಂದಿಗೆ ಮೂತಿ ತೂರಿಸಿ ಜಾರುತ್ತದೆ, ಸಣ್ಣ ಪ್ರಾಣಿಗೆ ಅಷ್ಟು ಬಲ! ಬಾಲ ಹಿಡಿದರೆ ತುಂಡಾದೀತು. ಹಾಗಾಗಿ ಒಂದಿಷ್ಟು ಒದ್ದೆ ಮಣ್ಣಿನ ಸಮೇತ ಪಾರದರ್ಶಕ ಕೊಳವೆಗೆ ಬಿಡುತ್ತೇನೆ. ಕೊಳವೆಯಲ್ಲೇ ಅಳತೆ, ಫೋಟೊ. ಹೊಟ್ಟೆ ಮೇಲಾಗಿ ತಿರುಗಿಸಿ ಮಲದ್ವಾರದ ಅಕ್ಕಪಕ್ಕ ಭೂತಗನ್ನಡಿ ಹಿಡಿದರೆ ಗಂಡು ಹೆಣ್ಣು ತಿಳಿಯುತ್ತದೆ. ಗಂಡಿಗೆ ಅಲ್ಲಿ ಚರ್ಮದ ಪುಟ್ಟ ಪಟ್ಟಿಗಳಂಥ ಹಿಂಗಾಲುಗಳಿವೆ. ಹೆಣ್ಣಿಗೆ ಅದೂ ಇಲ್ಲ. ಕಾಲಿಲ್ಲ ಅನ್ನುವುದು ಅರ್ಧ ಸತ್ಯವೇ ಅಲ್ವಾ?

ಇದರ ಕುಟುಂಬದ ಹೆಚ್ಚಿನವು ಆಗ್ನೇಯ ಏಷ್ಯಾದಲ್ಲಿವೆ. ಒಂದು ಜಾತಿ ಮಾತ್ರ ದೂರದ ಮೆಕ್ಸಿಕೊದಲ್ಲಿದೆ! ಭಾರತದ್ದು ಈ ನಿಕೋಬಾರಿನದೇ.

ಮುಗಿದ ಮೇಲೆ ದಿಮ್ಮಿಯನ್ನು ಮೊದಲಿದ್ದ ಗುಳಿಗೇ ಕೂರಿಸಿ, ಹಲ್ಲಿಯನ್ನು ಅದರ ಅಂಚಿನಲ್ಲಿ ಬಿಡುತ್ತೇನೆ. ದಿಮ್ಮಿ ಇಡುವ ಮೊದಲೇ ಬಿಟ್ಟರೆ ಜಜ್ಜಿಹೋಗುವ ಭಯ. ಕೆಳಗಿನ ತೇವ ಆರಿದರೆ ಆ ಜಾಗ ಅದಕ್ಕೆ ಪ್ರಯೋಜನವಿಲ್ಲ. ಡಿಬಾಮಸ್‌ಗಳು ಗಟ್ಟಿ ಚಿಪ್ಪಿನ ಮೊಟ್ಟೆ ಇಡುತ್ತವೆ. ನನಗೆ ಅದೊಂದು ಇನ್ನೂ ಕಣ್ಣಿಗೆ ಬಿದ್ದಿಲ್ಲ.